ಇಪ್ಪತ್ತೈದು ಡಿಗ್ರಿಗೆ ಐವತ್ತೇಳು

ರೆಕಾರ್ಡ್ ಬುಕ್ ಅಂತ ಒಂದಿತ್ತು, ಹಾಳಾದ್ದು. ತುಮಕೂರಿನಲ್ಲಿ ಡಿಪ್ಲೊಮಾ ಓದುವಾಗ ನಾನು ಕಂಪ್ಯೂಟರ್ ಮುಟ್ಟಿದ್ದಕ್ಕಿಂತ ಅದನ್ನು ಮುಟ್ಟಿದ್ದೇ ಹೆಚ್ಚು. ದಪ್ಪ ರಟ್ಟಿನ ಪುಸ್ತಕ. ಬಲಗಡೆಯ ಗೆರೆ ಹಾಳೆಯಲ್ಲಿ ನೀಲಿ ಪೆನ್ನಿನಿಂದ ಸಿ ಭಾಷೆಯ ಪ್ರೋಗ್ರಾಂ ಬರೆಯಬೇಕು, ಎಡಗಡೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಔಟ್‌ಪುಟ್ ಬರೆಯಬೇಕು. ಔಟ್‌ಪುಟ್ ಅಂದರೆ ಪ್ರೋಗ್ರಾಂ ಓಡಿಸಿದ ಮೇಲೆ ಕಂಪ್ಯೂಟರ್ ಕೊಡುವ ಉತ್ತರ. ನಮ್ಮಲ್ಲಿ ಮಾತ್ರ ಓಡಿಸುವ ಮೊದಲೇ ಅದನ್ನು ಬರೆದು, ಲ್ಯಾಬ್ ಮೇಡಂ ಹತ್ತಿರ ಸಹಿ ಹಾಕಿಸಿಕೊಂಡಿರಬೇಕಿತ್ತು. ಸಹಿ ಇಲ್ಲದಿದ್ದರೆ ಲ್ಯಾಬಿನ ಹೊಸಿಲು ದಾಟುವ ಹಾಗಿಲ್ಲ. ಒಲೆ ಹಚ್ಚುವ ಮೊದಲೇ ಸಾರು ರುಚಿಯಾಗಿತ್ತು ಅಂತ ಬರೆದುಕೊಡು ಅಂದ ಹಾಗೆ.

ಹಾಗಾದರೆ ಉತ್ತರ ಎಲ್ಲಿಂದ ಬರುತ್ತಿತ್ತು? ಸೀನಿಯರ್‌ಗಳ ರೆಕಾರ್ಡಿನಿಂದ. ಅವರಿಗೆ ಅವರ ಸೀನಿಯರ್‌ಗಳಿಂದ. ಎಲ್ಲರಿಗೂ ಮೂಲ ಯಾರೋ ಯಾವತ್ತೋ ಟೈಪ್ ಮಾಡಿಟ್ಟ ಲ್ಯಾಬ್ ಮ್ಯಾನುಯಲ್, ಪಿನ್ನು ತುಕ್ಕು ಹಿಡಿದದ್ದು. ನಾನು ಸಿ.ಎಸ್. ಪುರದಿಂದ ಗುಬ್ಬಿಗೆ ಬಂದು ಅಲ್ಲಿಂದ ತುಮಕೂರು ಬಸ್ಸು ಹಿಡಿಯುತ್ತಿದ್ದವಳು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗಲೂ ತೊಡೆಯ ಮೇಲೆ ರೆಕಾರ್ಡ್ ಇಟ್ಟುಕೊಂಡು ನಕಲು ಮಾಡುತ್ತಿದ್ದೆ. ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ ಕಡೆಯಿಂದ ಹೆಲಿಕಾಪ್ಟರ್ ಹಾರಿ ಬಂದರೆ ನಮ್ಮಪ್ಪ ಹೇಳುತ್ತಿದ್ದ ಮಾತು ನೆನಪಾಗುತ್ತಿತ್ತು. "ಅದ್ರೊಳ್ಗೂ ಕಂಪ್ಯೂಟ್ರೇ ಕಣವ್ವ ಇರೋದು. ನೀನು ಕಲಿ, ಸಾಕು." ಪಾಪ, ಮಗಳು ಕಲಿಯುತ್ತಿದ್ದಾಳೆ ಅಂದುಕೊಂಡಿದ್ದ. ಮಗಳ ಕೈಬರಹ ದುಂಡಗಾಗುತ್ತಿತ್ತು, ಅಷ್ಟೇ.

ನನಗೊಬ್ಬಳು ಗೆಳತಿಯಿದ್ದಳು, ಕುಣಿಗಲ್‌ನಿಂದ ಬರುತ್ತಿದ್ದಳು. ನಾನು ಕಣ್ಣು ಮುಚ್ಚಿ ನಕಲು ಮಾಡುವವಳಾದರೆ ಅವಳು ಸಾಲುಸಾಲಿಗೂ "ಇದ್ಯಾಕೆ ಹಿಂಗೆ?" ಅಂತ ನಿಲ್ಲುವವಳು. ಅವಳಿಂದಾಗಿ ನನ್ನ ರೆಕಾರ್ಡೂ ತಡವಾಗಿ ನಾನು ಎಷ್ಟೋ ಸಲ ಬೈದಿದ್ದೇನೆ. ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್‌ಗಳು ಕೆಲವೇ. ಮನೆಯಲ್ಲಿ ಕಂಪ್ಯೂಟರ್ ಇದ್ದ ಹುಡುಗರು ಒಳಗೆ ಹೋದ ತಕ್ಷಣ ಕೀಬೋರ್ಡ್ ಹಿಡಿದು ಕೂರುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆವು. "ನಂಗೆ ಇನ್ನೇನೂ ಬೇಡ ಕಣೇ," ಅನ್ನುತ್ತಿದ್ದಳು ಅವಳು. "ಯಾರೂ ತಳ್ಳದೆ ಇರೋ ಒಂದು ಕಂಪ್ಯೂಟ್ರು ಮುಂದೆ ಕೂತ್ಕೊಳೋ ಕೆಲ್ಸ ಸಿಕ್ಕಿದ್ರೆ ಸಾಕು." ಅಂಥ ಕೆಲಸ ಒಂದು ಕಣ್ಣೆದುರೇ ಇತ್ತು. ಪ್ರಾಕ್ಟಿಕಲ್ ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ, ತುಮಕೂರಿನದೇ ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯವರು ಇಂಟರ್‌ವ್ಯೂಗೆ ಬರುವವರಿದ್ದರು. ಒಂದು ವಿಷಯದಲ್ಲಿ ಫೇಲಾದರೂ ಅವರು ಒಳಗೆ ಕರೆಯುವುದಿಲ್ಲ ಅಂತ ಮೊದಲೇ ಹೇಳಿದ್ದರು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಮೇಡಂ ಕಾಲುಹಿಡಿಯುವುದೊಂದು ಬಾಕಿ, ಅಷ್ಟು ಗೋಗರೆದು ಲ್ಯಾಬಿನ ಬಾಗಿಲು ತೆಗೆಸಿದೆವು. ನಾವಿಬ್ಬರೇ. ರೆಕಾರ್ಡಿನ ನಾಲ್ಕನೇ ನಂಬರಿನ ಪ್ರೋಗ್ರಾಂ ಎಲ್ಲಕ್ಕಿಂತ ಚಿಕ್ಕದು ಅಂತ ಅದನ್ನೇ ಆರಿಸಿಕೊಂಡೆವು. ಸೆಲ್ಸಿಯಸ್‌ನಲ್ಲಿ ಉಷ್ಣತೆ ಕೊಟ್ಟರೆ ಫ್ಯಾರನ್‌ಹೀಟ್‌ನಲ್ಲಿ ಹೇಳುವುದು. ಒಂಬತ್ತನ್ನು ಐದರಿಂದ ಭಾಗಿಸು, ಬಂದದ್ದನ್ನು ಸೆಲ್ಸಿಯಸ್‌ನಿಂದ ಗುಣಿಸು, ಮೂವತ್ತೆರಡು ಕೂಡಿಸು. ಅವಳು ಓದಿ ಹೇಳಿದಳು, ನಾನು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಮೊದಲ ಸಲ ಓಡಿಸಿದಾಗ ಕೆಂಪು ಸಾಲುಗಳಲ್ಲಿ ತಪ್ಪುಗಳ ಪಟ್ಟಿ ಬಂತು. ಎರಡು ಸೆಮಿಕೋಲನ್ ಬಿಟ್ಟಿದ್ದೆ. ಹಾಕಿ ಮತ್ತೆ ಓಡಿಸಿದೆ. ಟೈಪ್ ಮಾಡುವ ನೀಲಿ ಪರದೆ ಹೋಗಿ ಕಪ್ಪು ಪರದೆ ಬಂತು, ಅದರಲ್ಲಿ ನಾನೇ ಟೈಪ್ ಮಾಡಿದ ವಾಕ್ಯ: ಸೆಲ್ಸಿಯಸ್ ಎಷ್ಟು ಅಂತ ಪ್ರಶ್ನೆ. ಅಯ್ಯೋ, ಕಂಪ್ಯೂಟರ್ ನನ್ನನ್ನು ಕೇಳುತ್ತಿದೆ! ನಾನು ಕಿರುಚಿದ್ದಕ್ಕೆ ಅಟೆಂಡರ್ ಬಾಗಿಲಿಂದ ಇಣುಕಿ ನೋಡಿದ. ಇಪ್ಪತ್ತೈದು ಅಂತ ಒತ್ತಿದೆ. 57.00 ಅಂತ ಬಂತು. ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಕುಣಿದೆವು. ಆ ಒಂದೆರಡು ನಿಮಿಷದ ಸಂತೋಷವನ್ನು ಮಾತ್ರ ನಾನು ಈಗಲೂ ಬಯ್ಯಲಾರೆ.

ಆಮೇಲೆ ಅವಳು ರೆಕಾರ್ಡ್ ನೋಡಿದಳು. "ಏನೇ ಇದು, ಇಲ್ಲಿ ಎಪ್ಪತ್ತೇಳಿದೆ."

ಅಕ್ಷರ ಅಕ್ಷರ ತಾಳೆ ನೋಡಿದೆವು. ಒಂದು ಚುಕ್ಕೆಯೂ ವ್ಯತ್ಯಾಸವಿರಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದರೆ ಎಪ್ಪತ್ತೇಳೇ ಬರುತ್ತದೆ. ಎಷ್ಟು ಸಲ ಓಡಿಸಿದರೂ ಕಂಪ್ಯೂಟರ್ ಐವತ್ತೇಳೇ ಅನ್ನುತ್ತದೆ. ಮೇಡಂ ಅವರನ್ನು ಕೇಳಿದೆವು. ಅವರು ಕುರ್ಚಿಯಿಂದ ಏಳಲಿಲ್ಲ. "ಹಂಗೆಲ್ಲ ಬರಲ್ಲ ಕಣ್ರಮ್ಮ, ಏನೋ ತಪ್ಪು ಟೈಪ್ ಮಾಡಿರ್ತೀರ. ರೆಕಾರ್ಡಲ್ಲಿ ಎಪ್ಪತ್ತೇಳಿದೆ ತಾನೆ? ನಾಳೆ ಬಂದ್ರೆ ಅದನ್ನೇ ಬರೀರಿ. ನಡೀರಿ, ಬಾಗಿಲು ಹಾಕ್ಬೇಕು."

ಬಸ್ ಸ್ಟ್ಯಾಂಡಿನವರೆಗೂ ಅವಳದು ಅದೇ ಮಾತು. "ಕಂಪ್ಯೂಟ್ರು ಸುಮ್‌ಸುಮ್ನೆ ಯಾಕೆ ಸುಳ್ಳು ಹೇಳುತ್ತೆ? ನಾಳೆ ಅದು ಬಂದ್ರೆ ನಾನಂತೂ ಕಣ್ಣಿಗೆ ಕಂಡಿದ್ದೇ ಬರಿಯೋದು. ನೀನು?"

"ನಾನೂ ಅಷ್ಟೇ ಬುಡೇ," ಅಂದೆ. ಬಸ್ಸು ಹೊರಡುವುದರಲ್ಲಿತ್ತು. ಏನು ಹೇಳುತ್ತಿದ್ದೇನೆ ಅಂತ ಯೋಚಿಸಿಯೂ ಇರಲಿಲ್ಲ.

ಮಾರನೇ ದಿನ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಪ್ರೋಗ್ರಾಂ ನಂಬರಿನ ಚೀಟಿ ಹಾಕಿಟ್ಟಿದ್ದರು. ಬಂದ ನಂಬರು ತೋರಿಸಿ, ಚೀಟಿ ಮಡಚಿ ಮತ್ತೆ ಅದರಲ್ಲೇ ಹಾಕಬೇಕು. ನನಗೆ ನಾಲ್ಕು ಬಂತು. ನನ್ನ ಹಿಂದೆಯೇ ಇದ್ದ ಅವಳಿಗೂ ನಾಲ್ಕೇ ಬಂತು. ಅವಳು ನನ್ನ ಕಡೆ ನೋಡಿ ನಕ್ಕಳು. ನಾನು ಮುಂದಿನ ಸಾಲು, ಅವಳು ಹಿಂದಿನ ಸಾಲು. ಬಾಗಿಲ ಹತ್ತಿರ ಫ್ಯಾನಿನ ಕೆಳಗೆ, ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಮ್ಯಾನುಯಲ್ ತೆರೆದಿಟ್ಟುಕೊಂಡು ಕೂತಿದ್ದರು. ಉತ್ತರ ಅದರ ಹಾಗಿದ್ದರೆ ಟಿಕ್ಕು, ಇಲ್ಲದಿದ್ದರೆ ಇಂಟು. ಪಕ್ಕದಲ್ಲಿ ನಮ್ಮ ಮೇಡಂ.

ನಾನು ಪ್ರೋಗ್ರಾಂ ಓಡಿಸಿದೆ. ಐವತ್ತೇಳು. ಉತ್ತರದ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಐವತ್ತೇಳು ಅಂತಲೇ ಬರೆದೆ, ದೇವರಾಣೆಗೂ ಬರೆದೆ. ಅಷ್ಟರಲ್ಲಿ ಅವಳು ಹಾಳೆ ಹಿಡಿದು ಮೇಜಿನ ಹತ್ತಿರ ಹೋಗಿಯಾಗಿತ್ತು.

"ಇದೇನಮ್ಮ ಐವತ್ತೇಳು? ಎಪ್ಪತ್ತೇಳು ಬರ್ಬೇಕಲ್ಲ."

"ಸಾರ್, ಅದೇ ಬಂದಿರೋದು. ಬೇಕಾದ್ರೆ ಬಂದು ನೋಡಿ ಸಾರ್."

ಪರೀಕ್ಷಕರು ಮುಖ ಸಿಂಡರಿಸಿಕೊಂಡು ಎದ್ದು ಬಂದು ಅವಳ ಪರದೆ ನೋಡಿದರು. ಅವಳ ರೆಕಾರ್ಡ್ ತೆಗೆದರು. "ಇಲ್ಲಿ ನೀನೇ ಎಪ್ಪತ್ತೇಳು ಅಂತ ಬರ್ದು ಸಹಿ ಹಾಕಿಸ್ಕೊಂಡಿದೀಯ. ಅವತ್ತು ಎಪ್ಪತ್ತೇಳು ಬಂದಿದ್ದು ಇವತ್ತು ಐವತ್ತೇಳು ಹೆಂಗಾಯ್ತು?" ಅವಳು ಮೇಡಂ ಮುಖ ನೋಡಿದಳು. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಅವರನ್ನು ಬಯ್ಯುವುದಕ್ಕೆ ನನಗೇನು ಹಕ್ಕಿದೆ?

"ಸಾರ್, ಅವಳಿಗೂ ಇದೇ ಪ್ರೋಗ್ರಾಂ ಬಂದಿದೆ," ಅಂದಳು ಗೆಳತಿ, ನನ್ನ ಕಡೆ ಕೈ ತೋರಿಸಿ. "ಅವಳನ್ನೇ ಕೇಳಿ ಸಾರ್."

ಒಂದು ಕೀ ಒತ್ತಿದರೆ ಉತ್ತರ ಹೋಗಿ ನೀಲಿ ಪರದೆ ವಾಪಸ್ ಬರುತ್ತಿತ್ತು. ಪರೀಕ್ಷಕರು ಕುರ್ಚಿಯಿಂದ ಎದ್ದಾಗಲೇ ಒತ್ತಿಬಿಟ್ಟಿದ್ದೆ. ಹಾಳೆಯಲ್ಲಿ ಐದನ್ನು ರಬ್ಬರಿನಿಂದ ಅಳಿಸಿ ಏಳು ಮಾಡಿಬಿಟ್ಟಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿ ಮಾಡಿತು. ಅಷ್ಟು ದಿನ ಅದಕ್ಕೆ ಅದೇ ಅಭ್ಯಾಸ ತಾನೆ.

"ನಿಂಗೆಷ್ಟು ಬಂತಮ್ಮ?"

"ಎಪ್ಪತ್ತೇಳು ಸಾರ್."

"ನೋಡಿದ್ಯಾ?" ಅಂದರು ಅವಳಿಗೆ. "ಎಲ್ಲೋ ತಪ್ಪು ಮಾಡಿದೀಯ. ಕೂತ್ಕೊಂಡು ಹುಡುಕು." ನನ್ನ ಹಾಳೆ ತೆಗೆದುಕೊಂಡು ಟಿಕ್ಕು ಹಾಕಿದರು.

ಅರ್ಧ ಗಂಟೆ ಅವಳು ಹುಡುಕಿದಳು. ಅವಳ ಕೀಬೋರ್ಡಿನ ಸದ್ದು ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ಒಂದು ಸಲವೂ ನಾನು ತಿರುಗಿ ನೋಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು. ಗಂಟೆ ಹೊಡೆದಾಗಲೂ ಅವಳಿಗೆ ಐವತ್ತೇಳೇ ಬರುತ್ತಿತ್ತು. ಅವಳು ಫೇಲಾದಳು. ನಾನು ಇಂಟರ್‌ವ್ಯೂಗೆ ಹೋದೆ, ಕೆಲಸವೂ ಸಿಕ್ಕಿತು. ಅವಳು ಮುಂದಿನ ಸಲ ಪಾಸು ಮಾಡಿಕೊಂಡಳಂತೆ, ಆ ಹೊತ್ತಿಗೆ ಕಂಪನಿಯವರು ಬಂದು ಹೋಗಿಯಾಗಿತ್ತು. ನಾನು ಫೋನ್ ಮಾಡಲಿಲ್ಲ. ಮಾಡಿ ಏನಂತ ಹೇಳಲಿ?

ಸತ್ಯಮಂಗಲದಲ್ಲಿ ನಾನು ಮಾಡುವುದು ಬಂದ ಮಾಲಿನ ಹೆಸರು, ಹೋದ ಮಾಲಿನ ಹೆಸರು ಟೈಪ್ ಮಾಡುವ ಕೆಲಸ. ಸಿ ಭಾಷೆಯ ಒಂದು ಸಾಲನ್ನೂ ಇಲ್ಲಿ ಯಾರೂ ಕೇಳಿಲ್ಲ. ನನ್ನ ಕಂಪ್ಯೂಟರಿನಿಂದ ನನ್ನನ್ನು ಯಾರೂ ತಳ್ಳುವುದೂ ಇಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಫೋನಿನಲ್ಲಿ ಯಾವುದೋ ಪಾಠದ ವಿಡಿಯೊ ನೋಡುತ್ತಿದ್ದಾಗ ವಿಷಯ ಗೊತ್ತಾಯಿತು. ಸಿ ಭಾಷೆಯಲ್ಲಿ ಪೂರ್ಣ ಸಂಖ್ಯೆಯನ್ನು ಪೂರ್ಣ ಸಂಖ್ಯೆಯಿಂದ ಭಾಗಿಸಿದರೆ ದಶಮಾಂಶ ಉದುರಿ ಹೋಗುತ್ತದಂತೆ. ಒಂಬತ್ತನ್ನು ಐದರಿಂದ ಭಾಗಿಸಿದರೆ ಒಂದು ಪಾಯಿಂಟ್ ಎಂಟಲ್ಲ, ಬರೀ ಒಂದು. ಇಪ್ಪತ್ತೈದೊಂದ್ಲೆ ಇಪ್ಪತ್ತೈದು, ಮೂವತ್ತೆರಡು ಕೂಡಿಸಿದರೆ ಐವತ್ತೇಳು. ತಪ್ಪಿದ್ದದ್ದು ಮ್ಯಾನುಯಲ್‌ನಲ್ಲಿ. ಅದನ್ನು ಟೈಪ್ ಮಾಡಿದ ಪುಣ್ಯಾತ್ಮ ಪ್ರೋಗ್ರಾಂ ಓಡಿಸದೆ, ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ ಎಪ್ಪತ್ತೇಳು ಅಂತ ಬರೆದಿದ್ದ. ಅದನ್ನೇ ಎಷ್ಟು ಜನ ದುಂಡಗೆ ಬರೆದು ಸಹಿ ಹಾಕಿಸಿಕೊಂಡೆವೋ! ಕಲಸಿದ ಅನ್ನ ಹಾಗೇ ಬಿಟ್ಟು ಎದ್ದೆ.

ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆ ಕುಣಿಗಲ್‌ಗೆ ಹೋಗಿದ್ದೆ. ಆಧಾರ್ ಕಾರ್ಡಿನ ಜೆರಾಕ್ಸ್ ಬೇಕಾಗಿ ಅಲ್ಲಿನ ಕಾಲೇಜಿನ ಹತ್ತಿರದ ಅಂಗಡಿಯ ಮೆಟ್ಟಿಲು ಹತ್ತಿದರೆ, ಮೆಷಿನ್ ಹಿಂದೆ ಅವಳು. ನಾನು ಮೆಟ್ಟಿಲ ಮೇಲೇ ನಿಂತೆ. ಅವಳು ಮಾತ್ರ ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದವಳ ಹಾಗೆ, "ಬಾರೇ, ಏನ್ ಈ ಕಡೆ?" ಅಂದಳು. ಅಂಗಡಿ ಅವಳದೇ. ಮೇಜಿನ ಮೇಲೆ ಲ್ಯಾಬ್ ರೆಕಾರ್ಡಿನ ಹಾಳೆಗಳಿದ್ದವು, ಮಕ್ಕಳು ಜೆರಾಕ್ಸ್‌ಗೆ ಕೊಟ್ಟದ್ದು. ಮೇಲಿನ ಹಾಳೆ ನೋಡಿದೆ. ಅದೇ ಪ್ರೋಗ್ರಾಂ, ಅದೇ ಎಪ್ಪತ್ತೇಳು. ಆದರೆ ಒಂಬತ್ತರ ಪಕ್ಕದಲ್ಲಿ ಪೆನ್ನಿನಿಂದ ಒಂದು ಚುಕ್ಕೆ, ಒಂದು ಸೊನ್ನೆ.

"ನಾನೇ ಹಾಕೋದು," ಅಂದಳು. "ಒಂಬತ್ತು ಪಾಯಿಂಟ್ ಸೊನ್ನೆ ಅಂತ ಹಾಕಿದ್ರೆ ಎಪ್ಪತ್ತೇಳೇ ಬರುತ್ತೆ. ಆಮೇಲೆ ಜೆರಾಕ್ಸ್ ಹೊಡಿತೀನಿ. ಇನ್ಯಾರೂ ಸಿಕ್ಕಾಕ್ಕೊಳೋದು ಬೇಡ."

ಆಧಾರ್ ಕಾರ್ಡನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕಿದಳು. "ಅವತ್ತು..." ಅಂದೆ ನಾನು.

"ನಿನ್ ಸ್ಕ್ರೀನು ನಂಗೆ ಕಾಣಿಸ್ತಿತ್ತು ಕಣೇ," ಅಂದಳು. "ಹಿಂದಿನ್ ಸಾಲಲ್ಲೇ ಇದ್ನಲ್ಲ. ನಿಂಗೂ ಐವತ್ತೇಳೇ ಬಂದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಎದ್ದು ಹೇಳ್ತೀಯ ಅಂತ ಕಾಯ್ತಿದ್ದೆ. ಗಂಟೆ ಹೊಡಿಯೋ ತನಕ."

ಜೆರಾಕ್ಸ್ ಹೊರಗೆ ಬಂತು. ಅದನ್ನು ನನ್ನ ಕೈಗಿಟ್ಟು, ನನ್ನ ಹಿಂದೆ ನಿಂತಿದ್ದ ಹುಡುಗಿಯ ಕಡೆ ತಿರುಗಿ "ನಿಂದೇನಮ್ಮ?" ಅಂದಳು.