ಲಿಂಗಸುಗೂರಿನ ಕಡೆಗೆ ಹೋಗದ ಲಾರಿ

ಲಾರಿಗೆ ಗಾಳಿ ಸೋಕಿದೆ, ದೆವ್ವ ಹಿಡಿದಿದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಎಂಜಿನ್ನು ಕಬ್ಬಿಣದ್ದು. ಪೆಟ್ರೋಲು, ಗಾಳಿ, ಕಿಡಿ ಸರಿಯಾಗಿ ಸಿಕ್ಕರೆ ಓಡುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಈಗಲೂ ಕೇಳಿದವರಿಗೆ ಹಾಗೆಯೇ ಹೇಳುತ್ತೇನೆ. ಆದರೆ ಮಸ್ಕಿಯ ಆಚೆ ಒಂದು ಮಧ್ಯಾಹ್ನ ನಡೆದದ್ದು ನೆನಪಾದರೆ ಆ ಮಾತಿನ ಮೇಲೆ ನನಗೇ ಪೂರ್ತಿ ನಂಬಿಕೆ ಬರುವುದಿಲ್ಲ.

ನಿಜಾಮರ ಆಡಳಿತ ಮುಗಿದು ಒಂದೆರಡು ವರ್ಷಗಳಾಗಿದ್ದವು. ಸಿಂಧನೂರಿನಲ್ಲಿ ನಾನೂ ನನ್ನ ಅಣ್ಣ ವೀರಭದ್ರಪ್ಪನೂ ಸೇರಿ ಒಂದು ಹಳೆಯ ಲಾರಿ ಇಟ್ಟುಕೊಂಡಿದ್ದೆವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದು. ಹತ್ತಿ, ಜೋಳ, ಶೇಂಗಾ ಸಾಗಿಸುತ್ತಿದ್ದೆವು. ವ್ಯವಹಾರ ಅಣ್ಣನದು, ಓಡಿಸುವುದು, ರಿಪೇರಿ ಮಾಡುವುದು ನನ್ನದು. ಅದರ ಒಂದೊಂದು ನಟ್ಟೂ ನನ್ನ ಕೈಗೆ ಗೊತ್ತಿತ್ತು.

ಒಂದು ದಿನ ಅಣ್ಣನಿಗೆ ಹೊಟ್ಟೆನೋವು ಶುರುವಾಗಿ, ಹೊಟ್ಟೆ ಹಲಗೆಯಂತೆ ಬಿಗಿಯಿತು. ಊರಿನ ಡಾಕ್ಟರು ಮುಟ್ಟಿ ನೋಡಿ, "ಇದಕ್ಕ ಹೊಟ್ಟಿ ಕೊಯ್ದ ಆಪರೇಶನ್ ಮಾಡಬೇಕು. ತಡಾ ಮಾಡಬ್ಯಾಡ್ರಿ, ಲಿಂಗಸುಗೂರು ದವಾಖಾನಿಗೆ ಒಯ್ರಿ" ಎಂದರು. ಬಸ್ಸು ಬೆಳಿಗ್ಗೆಯೇ ಹೋಗಿಯಾಗಿತ್ತು. ಲಾರಿಯಲ್ಲಿ ಜೋಳದ ಕಣಿಕೆ ಹರಡಿ, ಮೇಲೆ ಕೌದಿ ಹಾಸಿ ಅಣ್ಣನನ್ನು ಮಲಗಿಸಿದೆವು. ಅತ್ತಿಗೆ ಪಕ್ಕದಲ್ಲಿ ಕೂತಳು.

ಮಸ್ಕಿಯವರೆಗೆ ಲಾರಿ ಚೆನ್ನಾಗಿಯೇ ಬಂತು. ಊರು ದಾಟಿ, ಅದರ ಪಕ್ಕದ ಗುಡ್ಡ ಹಿಂದೆ ಸರಿಯುತ್ತಿದ್ದಂತೆ ಎಂಜಿನ್ನಿನ ಎಳೆತ ಬಿದ್ದುಹೋಯಿತು. ಪೆಡಲು ಪೂರ್ತಿ ತುಳಿದರೂ ಮನುಷ್ಯ ನಡೆಯುವಷ್ಟೇ ವೇಗ. ಜೊತೆಗೆ ಎಂಜಿನ್ನಿನೊಳಗಿಂದ ಒಂದು ಸದ್ದು: ಧಪ್, ಧಪ್, ಮುಚ್ಚಿದ ಬಾಗಿಲನ್ನು ಯಾರೋ ಗುದ್ದಿದಂತೆ. ಬೇರಿಂಗು ಹೋದರೆ ಬರುವ ಸದ್ದು ನನಗೆ ಗೊತ್ತು, ವಾಲ್ವಿನ ಸದ್ದೂ ಗೊತ್ತು. ಅವು ಎಂಜಿನ್ನು ಜೋರಾದಂತೆ ಜೋರಾಗುತ್ತವೆ. ಇದು ಮಾತ್ರ ನಾನು ವೇಗ ಏರಿಸಿದರೂ ಇಳಿಸಿದರೂ ತನ್ನ ಗತಿ ಬಿಡಲಿಲ್ಲ.

ಇಳಿದು ಬಾನೆಟ್ಟು ಎತ್ತಿದೆ. ಪೆಟ್ರೋಲು ಪೈಪು ಬಿಚ್ಚಿ ಊದಿದೆ, ಕಾರ್ಬುರೇಟರು ತೊಳೆದೆ, ಪ್ಲಗ್ಗು ಒರೆಸಿದೆ. ಬ್ರೇಕು ಕಚ್ಚಿಕೊಂಡಿದೆಯೇನೋ ಎಂದು ಗಾಲಿಗಳನ್ನು ಮುಟ್ಟಿ ನೋಡಿದೆ, ತಣ್ಣಗಿದ್ದವು. ಮತ್ತೆ ಹೊರಟರೆ ಅದೇ ಸದ್ದು, ಅದೇ ಸೋಲು. ಹಿಂದಿನಿಂದ ಅಣ್ಣ ಕ್ಷೀಣವಾಗಿ ಕೇಳಿದ: "ಯಾರೋ ಅದು, ಬಡಿಯಾಕತ್ತಾರ?"

ಮಸ್ಕಿಯ ಹತ್ತಿ ಗಿರಣಿಯಲ್ಲಿ ಎಂಜಿನ್ನು ನೋಡಿಕೊಳ್ಳುವ ರುದ್ರಪ್ಪ ಮಿಸ್ತ್ರಿ ಇದ್ದಾನೆಂದು ಲಾರಿ ತಿರುಗಿಸಿದೆ. ತಿರುಗಿಸಿದ್ದೇ ತಡ, ಸದ್ದು ನಿಂತಿತು. ಲಾರಿ ಹೊಸದರಂತೆ ಓಡಿತು. ಕಸ ಸಿಕ್ಕಿಕೊಂಡಿತ್ತು, ಹೋಯಿತು ಎಂದು ಹಿಗ್ಗಿ, ನಡುದಾರಿಯಲ್ಲೇ ಮತ್ತೆ ಲಿಂಗಸುಗೂರಿನ ಕಡೆ ತಿರುಗಿಸಿದೆ. ಧಪ್, ಧಪ್.

ಕೊನೆಗೆ ಮಸ್ಕಿಗೆ ಹೋಗಿ ಮಿಸ್ತ್ರಿಯನ್ನೇ ಕರೆತಂದೆ. ಅವನು ಪಕ್ಕದಲ್ಲಿ ಕೂತು ನೋಡಿದ. ತಾನೇ ಓಡಿಸಿಯೂ ನೋಡಿದ. ಅದೇ ಧಪ್, ಧಪ್. ಏರು ಎನ್ನೋಣವೆಂದರೆ ಆ ರಸ್ತೆ ಅಲ್ಲಿ ಸಪಾಟು. ಎದುರುಗಾಳಿ ಎನ್ನೋಣವೆಂದರೆ ಎಲೆ ಅಲುಗುತ್ತಿರಲಿಲ್ಲ. ಅವನು ಬೆವರು ಒರೆಸಿಕೊಂಡು, "ಎಂಜಿನ್ನಿನಾಗ ಏನೂ ಇಲ್ಲಪಾ ತಮ್ಮಾ. ಇಂಥಾದ್ದು ನಾ ಕಂಡಿಲ್ಲ. ಬಂಡಿ ಹೂಡಸ್ಲೇನು?" ಎಂದ. ಎತ್ತಿನ ಬಂಡಿ ಲಿಂಗಸುಗೂರು ಮುಟ್ಟುವುದು ಯಾವಾಗ? ಆದರೂ ಹೂಡಿಸು ಎಂದೆ.

ಆಗ ಅಣ್ಣ ನನ್ನ ಕೈ ಹಿಡಿದ. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. "ಸಾಕೋ. ಮನಿಗೆ ಹೋಗೂನು ನಡಿ."

"ಬ್ಯಾಡಣ್ಣ, ಬಂಡಿ ಬರಾಕತ್ತೇದ."

"ಮನಿಗೆ ನಡಿ ಅಂದೆನಲ್ಲ."

ಅತ್ತಿಗೆ ನನ್ನನ್ನು ನೋಡಿದಳು, ನಾನು ಮಿಸ್ತ್ರಿಯನ್ನು ನೋಡಿದೆ. ಅವನು ತಲೆ ತಗ್ಗಿಸಿದ. ಲಾರಿ ಸಿಂಧನೂರಿನ ಕಡೆ ಸದ್ದಿಲ್ಲದೆ ಓಡಿತು. ಅಷ್ಟು ಹಗುರಾಗಿ ಅದು ಹಿಂದೆಂದೂ ಓಡಿರಲಿಲ್ಲ. ನಾನು ಅಳುತ್ತಾ ಓಡಿಸಿದೆ. ಹೊತ್ತು ಮುಳುಗುವ ಮುಂಚೆ ಅಣ್ಣ ತನ್ನ ಮನೆಯ ಪಡಸಾಲೆಯಲ್ಲಿ, ನಮ್ಮ ತಾಯಿಯ ಕೈಯಿಂದ ಒಂದು ಗುಟುಕು ನೀರು ಕುಡಿದು ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಎಂಜಿನ್ನನ್ನು ಪೂರ್ತಿ ಬಿಚ್ಚಿದೆ. ಏನೂ ಸಿಗಲಿಲ್ಲ. ಜೋಡಿಸಿ, ಒಬ್ಬನೇ ಲಿಂಗಸುಗೂರಿಗೆ ಹೊರಟೆ. ಮಸ್ಕಿ ದಾಟುವಾಗ ಎಂಜಿನ್ನಿಗೆ ಕಿವಿಗೊಟ್ಟೆ. ಕೆಡಲಿ, ಮತ್ತೆ ಆ ಸದ್ದು ಬರಲಿ ಎಂದು ಬೇಡಿಕೊಂಡೆ. ಬರಲಿಲ್ಲ. ಲಾರಿ ಸಲೀಸಾಗಿ ದವಾಖಾನೆಯ ಬಾಗಿಲಿಗೇ ಹೋಗಿ ನಿಂತಿತು. ನಾನು ಇಳಿಯಲಾರದೆ ಅಲ್ಲೇ ಕೂತೆ.

ಕೊಯ್ದಿದ್ದರೂ ಉಳಿಯುತ್ತಿರಲಿಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಇರಬಹುದು. ಗಾಬರಿಯಲ್ಲಿ ನಾನೇ ಏನೋ ಗಮನಿಸದೆ ಬಿಟ್ಟೆ ಎಂದರೆ, ಮಿಸ್ತ್ರಿಯೂ ಗಮನಿಸದೆ ಬಿಟ್ಟನೇ? ಆ ಲಾರಿಯನ್ನು ಆಮೇಲೆ ಬಹಳ ದಿನ ಓಡಿಸಿದೆ. ಬೇರೆ ದಾರಿ ಇರಲಿಲ್ಲ. ಒಮ್ಮೆ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಅವತ್ತ ಗಾಡಿಗೆ ಏನಾಗಿತ್ತು ಅಂತ ತಿಳೀತೇನು ತಮ್ಮಾ?" ಇಲ್ಲ ಎಂದೆ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಇಂದು ಕೇಳಿದರೂ ನನ್ನಲ್ಲಿ ಅದೇ ಉತ್ತರ.