ಎತ್ತಿನ ಹೆಜ್ಜೆಗೆ ಮದ್ದಳೆ

ಮೊನ್ನೆ ಶ್ರಾವಣ ಸೋಮವಾರ ನನ್ನ ಮೊಮ್ಮಗಳು ಮಠದ ಭಜನೆಯಲ್ಲಿ ಮದ್ದಳೆ ಬಾರಿಸಿದಳು. ಇದನ್ನು ಬರೆಯುವಾಗಲೂ ಹಿಗ್ಗು ಅಡಗುತ್ತಿಲ್ಲ. ತೊಡೆಯ ಮೇಲೆ ಮದ್ದಳೆ ಇಟ್ಟುಕೊಂಡು ಕೂತರೆ ಆಚೆ ಕಡೆಯವರಿಗೆ ಅವಳ ಜಡೆಯ ರಿಬ್ಬನ್ನು ಮಾತ್ರ ಕಾಣುತ್ತಿತ್ತು. ಅಂಥಾ ಕೂಸು! ನಾನು ಪೇಢೆ ತಂದು ಕೂತವರಿಗೆ, ನಿಂತವರಿಗೆ, ಕಡೆಗೆ ಬಸ್ಸು ನಿಲ್ಲಿಸಿ ಕಂಡಕ್ಟರನಿಗೂ ಕೊಟ್ಟೆ. ಅವನು ಯಾಕೆಂದು ಕೇಳಲಿಲ್ಲ. ಕೇಳದಿದ್ದರೂ ಹೇಳಿದೆ.

ಆದರೆ ಪದದ ನಡುವೆ ಒಂದು ಕಡೆ ಅವಳ ಕೈ ಓಡಿತು. ಹಾಡುವವರು ಹಿಂದೆ ಉಳಿದರು, ಯಾರೋ ನಕ್ಕರು. ಮನೆಗೆ ಬಂದವಳೇ ಮದ್ದಳೆಯನ್ನು ಮೂಲೆಗೆ ಸರಿಸಿ ಗೋಡೆಗೆ ಮುಖ ಮಾಡಿ ಕೂತಳು.

“ಅಜ್ಜಾ, ನಾ ಇನ್ನ ಇದನ್ನ ಮುಟ್ಟಂಗಿಲ್ಲ. ಎಲ್ಲಾರೂ ನಕ್ಕರು.”

“ನಿನ್ನ ನೋಡಿ ಬದುಕಿದವರಷ್ಟ ನಕ್ಕಾರ ಬಿಡವಾ. ನಾ ಬಾರಿಸೂದು ಕೇಳಿ ಸತ್ತಾವ ತಲಿ ತೂಗಿದ್ದ,” ಎಂದೆ.

ಅವಳು ಈ ಕಡೆ ತಿರುಗಿ ಕಣ್ಣು ಅಗಲ ಮಾಡಿದಳು. ಆದರೆ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಒಲೆಯ ಮುಂದೆ ಕೂತಿದ್ದ ನನ್ನ ಹೆಂಡತಿ, “ಹೇಳ್ರಿ, ಹೇಳ್ರಿ. ಪೇಢೆ ಹಂಚಾಕ ಬಾಯಿ ಇತ್ತಲ್ಲ, ಈಗ ಎಲ್ಲಿ ಹೋತು?” ಎಂದು ನಕ್ಕಳು. ಇಷ್ಟು ವರ್ಷವಾದರೂ ಆ ಮಾತು ಬಂದರೆ ನನ್ನ ಕಿವಿ ಬಿಸಿಯಾಗುತ್ತವೆ. ಬಾಯಿಂದ ಬಾರದ್ದು ಕೈಯಿಂದಾದರೂ ಬರಲಿ ಎಂದು ಕೂತಿದ್ದೇನೆ. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಅಕ್ಷರ ಸೊಟ್ಟಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಬೇಕು.

ಸ್ವಾತಂತ್ರ್ಯ ಬರಲು ಇನ್ನೂ ಹತ್ತು ವರ್ಷವಾದರೂ ಇದ್ದ ಕಾಲ. ನಮ್ಮದು ಕಲ್ಲೋಳಿಯಿಂದ ಮೂಡಲಗಿಗೆ ಹೋಗುವ ಹಾದಿಯ ಒಂದು ಊರು. ನನಗೆ ಆಗತಾನೇ ಹುಕ್ಕೇರಿ ಕಡೆಯ ಹೆಣ್ಣು ತಂದಿದ್ದರು. ಊರಿನ ಭಜನಾ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ ಕಾಕಾನಿಗೆ ಮುಂಗೈ ಬಾತು ನೋವಾಗುತ್ತಿತ್ತು. ನನ್ನ ಹೆಗಲು ಅಗಲ ಇದೆ, ಮದ್ದಳೆ ಹೊತ್ತು ನಡೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಆರಿಸಿದರು. ಮೀಸೆ ಬಂದ ಮೇಲೆ ಕಲಿಯಲು ಕೂತವನು ನಾನು.

ಮದ್ದಳೆಯ ಎಡ ಮಗ್ಗುಲಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಬೇಕು, ಆಗಲೇ ಅದು ಗುಂ ಎನ್ನುವುದು. ಬಾರಿಸಿದ ಮೇಲೆ ಕೆರೆದು ತೆಗೆಯಬೇಕು. ಜೋಳದ ರೊಟ್ಟಿ ತಿನ್ನುವ ನಮ್ಮ ಮನೆಯಲ್ಲಿ ಗೋಧಿ ಕಾಣುತ್ತಿದ್ದುದು ಹಬ್ಬಕ್ಕೆ. ನನ್ನ ಹೆಂಡತಿ ಹಿಟ್ಟು ಕೊಡುವಾಗಲೆಲ್ಲ ಗೊಣಗುತ್ತಿದ್ದಳು: “ಮನಷ್ಯಾರಿಗೆ ಹೋಳಗಿ ಇಲ್ಲ, ಮದ್ದಲಿಗಿ ದಿನಾ ಹಬ್ಬ.”

ನನಗೆ ಕೈ ಬೇಗ ತಿರುಗಿತು. ಬೇಗ ಎಂದರೆ ಬರೀ ಬೇಗ. ಜನ ಭಲೇ ಎಂದರೆ ಇನ್ನೂ ಬೇಗ. “ಓಡಬ್ಯಾಡೋ, ಹಿಂದ ತ್ವಾಳ ಬಂದೈತೇನ?” ಎಂದು ಕಾಕಾ ತೊಡೆಗೆ ಹೊಡೆಯುತ್ತಿದ್ದರು. ಮುದುಕನಿಗೆ ಕೈ ಸಾಗದು, ಅದಕ್ಕೇ ಹೀಗನ್ನುತ್ತಾನೆ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಊರಿನ ಹಿರಿಯರೊಬ್ಬರು ತೀರಿಕೊಂಡರು. ಜಗಳ ಬಿದ್ದರೆ ಎರಡೂ ಕಡೆಯವರು ಅವರ ಕಟ್ಟೆಗೇ ಹೋಗುತ್ತಿದ್ದರು, ಅಂಥವರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಬಿದಿರಿನ ವಿಮಾನದಲ್ಲಿ ಕೂಡಿಸಿ, ಅವರದೇ ಹೊಲಕ್ಕೆ ಒಯ್ದು ಕೂತಂತೆಯೇ ಮಣ್ಣು ಮಾಡುತ್ತೇವೆ. ಮುಂದೆ ಭಜನೆ, ಹಿಂದೆ ವಿಮಾನ. ಹೊತ್ತವರು ಮದ್ದಳೆಯ ಪೆಟ್ಟಿಗೇ ಹೆಜ್ಜೆ ಇಡುವುದು. ಕಾಕಾ ಆ ದಿನ ಧುಪದಾಳದ ಮಗಳ ಮನೆಗೆ ಹೋಗಿದ್ದರು. ಮೇಳದವರು ನನ್ನ ಕಡೆ ನೋಡಿದರು. ಸಾವಿನ ಮನೆಯ ಮುಂದೆ ನಿಂತು ನಾನು ಒಳಗೊಳಗೆ ಹಿಗ್ಗಿದೆ. ನಾಚಿಕೆ ಅಲ್ಲಿಂದಲೇ ಶುರುವಾಗಬೇಕಿತ್ತು, ಆಗಲಿಲ್ಲ.

ಊರಬಾಗಿಲಾದ ಅಗಸಿ ಮುಟ್ಟುವವರೆಗೆ ಎಲ್ಲ ಸರಿ ಇತ್ತು. ಅಲ್ಲಿ ನೋಡಿದರೆ ಹುಕ್ಕೇರಿಯಿಂದ ನನ್ನ ಮಾವನವರೂ ಅವರ ಮಗನೂ ಬಂದು ನಿಂತಿದ್ದರು. ಮಾಳಿಗೆಯ ಮೇಲೆ ಹೆಣ್ಣುಮಕ್ಕಳು ತುಂಬಿದ್ದರು. ಅಳಿಯ ಎಂಥವನೆಂದು ಇವರೆಲ್ಲ ನೋಡಲಿ ಎನಿಸಿತು. ಕೈ ಓಡಿತು. ನನ್ನ ಹಿಂದೆ ತಾಳ ಓಡಿತು, ತಾಳದ ಹಿಂದೆ ವಿಮಾನ ಓಡಿತು. ನಾನು ಹಿಂದೆ ತಿರುಗಿಯೂ ನೋಡಲಿಲ್ಲ. ಒಬ್ಬ ಹುಡುಗನ ಕೂಗು ಕೇಳಿದಾಗ ನೋಡಿದೆ.

“ಮುತ್ಯಾ ತಲಿ ತೂಗಾಕತ್ತಾನ!”

ಖರೆ. ವಿಮಾನ ಎತ್ತಿ ಎತ್ತಿ ಹಾಕುತ್ತಿತ್ತು. ಹಿರಿಯರ ತಲೆಯನ್ನು ಬಿದಿರಿಗೆ ಬಿಗಿದಿದ್ದ ಅರಿವೆ ಸಡಿಲಾಗಿ, ಅವರು ನನ್ನ ಮದ್ದಳೆಗೆ ಮೆಚ್ಚಿದವರ ಹಾಗೆ ತಲೆ ಆಡಿಸುತ್ತ ಬರುತ್ತಿದ್ದರು. ಹೊತ್ತವರ ಪೈಕಿ ಒಬ್ಬ ಏದುಸಿರು ಬಿಡುತ್ತ ಒದರಿದ: “ಏ ತಮ್ಮಾ! ಸತ್ತವರಿಗೇ ಗಡಿಬಿಡಿ ಇಲ್ಲ, ನಿನಗ್ಯಾಕೋ?” ಮಾಳಿಗೆಯ ಮೇಲೆ ಯಾರೋ ಸೆರಗಿನಲ್ಲಿ ನಕ್ಕರು. ಅಷ್ಟರಲ್ಲಿ ರುಮಾಲು ಜಾರಿ ಧೂಳಿನಲ್ಲಿ ಬಿತ್ತು.

ಎಲ್ಲ ನಿಂತಿತು. ಹಿರಿಯರ ಹೆಂಡತಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ಹಿಂದಿನಿಂದ ಕುಂಟುತ್ತ ಬಂದರು. ರುಮಾಲು ಎತ್ತಿಕೊಂಡರು. ಎರಡು ಸಲ ಕೊಡವಿ ಕೈಯಿಂದ ಒರೆಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಅವತ್ತೇ ಮರೆಯುತ್ತಿದ್ದೆನೋ ಏನೋ.

ಆಮೇಲಿನ ಕಥೆ ಊರೂರಿಗೆ ಹೋಯಿತು. ಗೋಕಾಕ ಸಂತೆಯಲ್ಲಿ ಬೆಲ್ಲ ತೂಗುವವನು, “ಸಾವ್ಕಾರ್ರ, ನಮ್ಮ ಓಣ್ಯಾಗ ಒಂದು ಅರ್ಜಂಟ್ ಹೆಣ ಐತಿ, ಬರ್ತೀರೇನು?” ಎಂದ. ಹುಕ್ಕೇರಿಗೆ ಹೋದರೆ ಹೆಂಡತಿಯ ತಮ್ಮ ಬಾಗಿಲಲ್ಲೇ, “ಮಾಮಾ, ಅಪ್ಪ ಇನ್ನೂ ಗಟ್ಟಿ ಅದಾನ್ರಿ. ಮದ್ದಲಿ ತಂದಿಲ್ಲಲ್ಲ?” ಎಂದ. ಮಾವನವರು ನಗಲಿಲ್ಲ. ತಾಟಿನ ಕಡೆ ನೋಡುತ್ತ ಉಂಡರು. ನನ್ನ ಹೆಂಡತಿ ತವರಿಗೆ ಹೋಗುವುದನ್ನೇ ಕಡಿಮೆ ಮಾಡಿದಳು.

ಮದ್ದಳೆಯನ್ನು ಗೂಟಕ್ಕೆ ತೂಗುಹಾಕಿದೆ. ಆಯಿಯ ಮನೆ ಮುಂದೆ ಹಾಯುವುದು ಬೇಡವೆಂದು ಹೊಲಕ್ಕೆ ಹಳ್ಳದ ದಾರಿ ಸುತ್ತಿ ಹೋಗತೊಡಗಿದೆ.

ಕಾಕಾ ಒಂದು ಸಂಜೆ ಮನೆಗೇ ಬಂದರು. ಗೂಟದ ಕಡೆ ನೋಡಿದರು.

“ನಿನಗ ಕೈ ಕಲಿಸಿದೆ, ಕಾಲು ಕಲಿಸಲಿಲ್ಲ. ತಪ್ಪು ನಂದ.”

“ಇಲ್ರಿ ಕಾಕಾ, ನನಗ ಇದು ಬ್ಯಾಡ್ರಿ. ಮಂದಿ ಮುಂದ ಮಾರಿ ತೋರಸಾಕ ಆಗವಲ್ದು.”

“ಮಂದಿ ಮುಂದ ಬ್ಯಾಡ. ನಿನ್ನ ಎತ್ತಿನ ಮುಂದ ಬಾರಿಸು. ಕಪಲಿ ಹೊಡಿತಿಯಲ್ಲ, ಅವುಗಳ ಬಾಜೂಕ ನಡಿ.”

“ಅದನ್ನೂ ನೋಡಿ ನಗ್ತಾರ್ರಿ. ನಾಚಿಕಿ ಬರ್ತೈತಿ.”

“ಬರ್ಲಿ. ನಾಚಿಕಿ ಇದ್ದಾವ ಮೆಲ್ಲಕ ನಡಿತಾನ.”

ಮದ್ದಳೆಯನ್ನು ಗೂಟದಲ್ಲೇ ಬಿಟ್ಟೆ. ಮರುದಿನ ಹೊಲದಲ್ಲಿ ಬುತ್ತಿ ಬಿಚ್ಚಿದರೆ ರೊಟ್ಟಿಯ ಮಗ್ಗುಲಲ್ಲಿ, ಹಸಿ ಅರಿವೆಯಲ್ಲಿ ಸುತ್ತಿದ ಗೋಧಿ ಕಣಕ ಇತ್ತು. ಯಾರೂ ಕೇಳಿರಲಿಲ್ಲ ನನ್ನ ಹೆಂಡತಿಯನ್ನು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಮರುದಿನ ಮದ್ದಳೆ ಒಯ್ದೆ.

ಕಪಿಲೆ ನೋಡದವರಿಗೆ ಹೇಳಬೇಕು. ಬಾವಿಯೊಳಗೆ ತೊಗಲಿನ ದೊಡ್ಡ ಚೀಲ, ಅದರ ಹಗ್ಗ ಎತ್ತಿನ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ನೀರು ಮೇಲೆ ಬಂದು ಕಾಲುವೆಗೆ ಸುರಿಯುತ್ತದೆ. ತುಂಬಿದ ಚೀಲ ಎಳೆಯುವ ಎತ್ತು ಓಡುವುದಿಲ್ಲ. ಬೀಗರು ನೋಡಿದರೂ ಓಡುವುದಿಲ್ಲ, ಮಾಳಿಗೆ ತುಂಬ ಹೆಂಗಸರು ನೋಡಿದರೂ ಓಡುವುದಿಲ್ಲ.

ಮೊದಲ ದಿನ ಮದ್ದಳೆಯ ಸದ್ದಿಗೆ ಎತ್ತುಗಳು ಬೆದರಿ ಅರ್ಧ ನೀರು ಬಾವಿಗೇ ವಾಪಸು ಹೋಯಿತು. ಆಮೇಲೆ ಅವಕ್ಕೆ ರೂಢಿಯಾಯಿತು, ನನಗೆ ಆಗಲಿಲ್ಲ. ಅವು ಇಳಿಜಾರಿನ ನಡುವೆ ಇರುವಾಗಲೇ ನನ್ನ ಪದ ಮುಗಿದಿರುತ್ತಿತ್ತು. ಬಿಸಿಲಿಗೆ ಕಣಕ ಒಣಗಿ ಬಿರುಕು ಬಿಡುತ್ತಿತ್ತು, ಕಾಲುವೆಯ ನೀರು ಚಿಮುಕಿಸಿ ಮತ್ತೆ ಬಾರಿಸುತ್ತಿದ್ದೆ. ಹಾದಿಯಲ್ಲಿ ಹೋಗುವವರು, “ಎತ್ತಿನ ಲಗ್ನ ಯಾವಾಗೋ?” ಎನ್ನುತ್ತಿದ್ದರು. ತಲೆ ತಗ್ಗಿಸಿದರೆ ಕಾಣುವುದು ಎತ್ತಿನ ಕಾಲು. ಅದನ್ನೇ ನೋಡುತ್ತ ಬಾರಿಸಿದೆ. ಬೇಸಿಗೆ ಕಳೆಯುವ ಹೊತ್ತಿಗೆ ಒಂದು ದಿನ ಎತ್ತು ಕಾಲು ಊರುವುದೂ ನನ್ನ ಎಡಗೈ ಬೀಳುವುದೂ ಕೂಡಿದವು. ಮರುದಿನ ತಪ್ಪಿತು. ಅದರ ಮರುದಿನ ಮತ್ತೆ ಕೂಡಿತು.

ಅಂಥ ಒಂದು ಬೆಳಿಗ್ಗೆ, ತಲೆ ಎತ್ತಿದರೆ ಬದುವಿನ ಮೇಲೆ ಆಯಿ. ಹಿರಿಯರ ಸಮಾಧಿ ನಮ್ಮ ಹೊಲದ ಆಚೆಯೇ ಇತ್ತು, ಅವರು ತಂಬಿಗೆ ಹಿಡಿದು ಅಲ್ಲಿಗೆ ಹೊರಟಿದ್ದರು. ನಾನು ಕೈ ನಿಲ್ಲಿಸಿ ಎತ್ತಿನ ಮರೆಗೆ ಸರಿದೆ.

“ಯಾಕ ನಿಲ್ಲಿಸಿದ್ಯೋ? ಬಾರಿಸು.”

“ತಪ್ಪಾತ್ರಿ ಆಯಿ, ಆವತ್ತು…”

“ಆವತ್ತಿಂದು ಯಾರು ಕೇಳಿದ್ರು? ನಂದು ಮೊಣಕಾಲು ಹಿಡಿದಾವು. ನಿನ್ನ ಮದ್ದಲಿ ಜೋಡಿ ನಡದ್ರ ಹಗೂರ ಆಗ್ತೈತಿ. ದೂರದಿಂದ ಹಂಗ ಬಂದೆ. ಬಾರಿಸು.”

ಬಾರಿಸಿದೆ. ಈ ಸಲ ಕೈ ಓಡಲಿಲ್ಲ. ಆಯಿ ಬದುವಿನ ಮೇಲೆ ಪೆಟ್ಟಿಗೊಂದು ಹೆಜ್ಜೆ ಇಡುತ್ತ ಸಮಾಧಿಯವರೆಗೂ ಹೋದರು, ನೀರು ಹಾಕಿದರು, ಅದೇ ನಡಿಗೆಯಲ್ಲಿ ತಿರುಗಿ ಬಂದರು.

“ನಮ್ಮನಿಯವರು ಇಷ್ಟ ಮೆಲ್ಲಕ ನಡಿತಿದ್ರು,” ಎಂದರು. ಸ್ವಲ್ಪ ಮುಂದೆ ಹೋಗಿ ತಿರುಗಿ ನಿಂತರು. “ನಾ ಹ್ವಾದಾಗ ನೀನ ಬಾರಿಸಬೇಕು ನೋಡು. ಗಡಿಬಿಡಿ ಮಾಡಿದಿ ಅಂದ್ರ ಎದ್ದ ಬಂದು ಹೊಡಿತೀನಿ.”

ಬಾರಿಸಿದೆ. ಬಹಳ ವರ್ಷಗಳ ಮೇಲೆ, ಕಾಕಾನೂ ಇಲ್ಲದ ಕಾಲಕ್ಕೆ. ಹುಕ್ಕೇರಿಯವರೂ ಬಂದಿದ್ದರು. ನನ್ನ ಕಿವಿ ಅವತ್ತೂ ಬಿಸಿಯಾಗಿದ್ದವು. ತಲೆ ತಗ್ಗಿಸಿಕೊಂಡೇ ಊರೆಲ್ಲ ದಾಟಿದೆ. ಹೊಲ ಮುಟ್ಟಿದ ಮೇಲೆ ಹಿಂದೆ ತಿರುಗಿದೆ. ಆಯಿಯ ತಲೆಯ ಮೇಲಿನ ಸೆರಗು ಮನೆಯಲ್ಲಿ ಹೊದಿಸಿದಂತೆಯೇ ಇತ್ತು. ಮಾವನವರು ನನ್ನ ಹೆಗಲಿನಿಂದ ಮದ್ದಳೆ ಇಳಿಸಿಕೊಂಡು ತಾವೇ ಹೊತ್ತರು.

ಇಷ್ಟನ್ನು ಬರೆದು ಮೊಮ್ಮಗಳ ಕೈಗೆ ಕೊಟ್ಟೆ. ಓದಿದಳು. ರುಮಾಲು ಬಿದ್ದ ಕಡೆ ಬಿದ್ದು ಬಿದ್ದು ನಕ್ಕಳು. ನಗಲಿ. ನನಗೆ ಜೊತೆಗೆ ನಗಬೇಕೋ ಅಡಗಿಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ಕೇಳಿದಳು, “ಅಜ್ಜಾ, ಈಗ ಎತ್ತೂ ಇಲ್ಲ, ಕಪಲಿನೂ ಇಲ್ಲ. ನಾ ಯಾರ ಜೋಡಿ ನಡೀಲಿ?”

ನನಗೂ ಈಗ ಮೊಣಕಾಲು ಹಿಡಿದಿವೆ. ಕೋಲು ತೆಗೆದುಕೊಂಡು ಎದ್ದು, ಅವಳ ಮುಂದೆ ಮೆಲ್ಲಗೆ ಒಂದು ಹೆಜ್ಜೆ ಇಟ್ಟೆ. ಒಳಗೆ ನನ್ನ ಹೆಂಡತಿ ಗೊಣಗುತ್ತ ಗೋಧಿ ಹಿಟ್ಟಿನ ಡಬ್ಬಿ ತೆರೆಯುತ್ತಿದ್ದಳು.