ವಾಯಿದೆ ಕೇಳಿದ ದಿನ

ನಮ್ಮ ಅತ್ತಿಗೆ ಹೊಂಬಾಳಮ್ಮ ಕರಿ ಕೋಟು ಹಾಕಿಕೊಂಡು ಮಂಡ್ಯದ ಕೋರ್ಟಿಗೆ ಹೋಗಲು ಶುರುಮಾಡಿದಾಗ ಊರಿನವರಿಗೆ ಬೇರೆ ಕೆಲಸವೇ ಇಲ್ಲದ ಹಾಗಾಯಿತು. ಹೆಂಗಸು ವಾದ ಮಾಡಲು ಹೋದರೆ ಮನೆಯಲ್ಲಿ ಅನ್ನ ಬೇಯುತ್ತದೆಯೇ ಎಂದವರೇ ಹೆಚ್ಚು. ಬೇಯುತ್ತಿತ್ತು. ಕೋಳಿ ಕೂಗುವ ಮೊದಲೇ ಎದ್ದು ಮುದ್ದೆಗೆ ಎಸರಿಟ್ಟು, ಕೂಸಿಗೆ ನೀರೆರೆದು, ಆಮೇಲೆ ಅವಳು ಕಾನೂನು ಪುಸ್ತಕ ಬಿಚ್ಚುತ್ತಿದ್ದಳು. ಉಳಿದದ್ದು ನಾದಿನಿಯಾದ ನನ್ನ ತಲೆಗೆ.

ಮಧ್ಯಾಹ್ನ ನಾನು ಕೂಸನ್ನು ಕೋರ್ಟಿಗೆ ಎತ್ತಿಕೊಂಡು ಹೋಗಬೇಕು. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಲೂಡಿಸಿ, ನನ್ನ ಕೈಗೆ ಕೊಟ್ಟು ಓಡುವಳು. ಇದನ್ನು ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿದ್ದಳು. ಗಂಡಸರು ನಗುತ್ತಾರೆಂಬ ಭಯ. ಅಷ್ಟು ಓದಿದವಳಿಗೆ ಅದೆಂಥ ಭಯವೋ ಎಂದು ನನಗೆ ಸಿಟ್ಟು ಬರುತ್ತಿತ್ತು.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ಚಿಕ್ಕಬೋರಮ್ಮ ಅತ್ತಿಗೆಯ ಕಕ್ಷಿದಾರಳಾಗಿ ಬಂದಳು. ಅತ್ತೆ ಮನೆಯವರು ಜಗಳ ತೆಗೆದು ಅವಳನ್ನು ಹೊರಗಟ್ಟಿ, ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸನ್ನು ತಾವೇ ಇಟ್ಟುಕೊಂಡಿದ್ದರು. ಎದೆಹಾಲು ಬತ್ತುವುದರೊಳಗೆ ಕೂಸು ಕೈಗೆ ಸಿಗಬೇಕು, ಅವಳು ಕೇಳಿದ್ದು ಅಷ್ಟೇ.

ವಿಚಾರಣೆಯ ದಿನ ಅತ್ತಿಗೆ ಚೆನ್ನಾಗಿಯೇ ವಾದಿಸಿದಳು. ಎದುರು ಕಕ್ಷಿಯ ವಕೀಲ, ತಲೆ ನರೆತವನು, ಎದ್ದು ನಿಂತು ಹಸುವಿನ ಹಾಲಿನಲ್ಲೇ ಮಗು ಗುಂಡುಗುಂಡಗೆ ಇದೆ ಎಂದ. ಆಮೇಲೆ ಅತ್ತಿಗೆಯ ಕಡೆ ತಿರುಗಿದ.

“ವಕೀಲಮ್ಮನವರ ಕೂಸೂ ಮನೆಯಲ್ಲೇ ಇದೆಯಲ್ಲ, ಸ್ವಾಮಿ. ಅದೇನು ಉಪವಾಸ ಬಿದ್ದಿದೆಯೇ?”

ಕೋರ್ಟಿಗೆ ಕೋರ್ಟೇ ನಕ್ಕಿತು. ಬಾಗಿಲಾಚೆ ನನ್ನ ಕಂಕುಳಲ್ಲಿದ್ದ ಕೂಸು ಅದೇ ಹೊತ್ತಿಗೆ ಅಳತೊಡಗಿತು. ಅಳು ಕಿವಿಗೆ ಬಿದ್ದದ್ದೇ ತಡ, ಅತ್ತಿಗೆಯ ಎದೆ ಸೋರಿ ಸೀರೆ ನೆನೆಯಿತು. ನನ್ನ ಕೂಸು ಇಲ್ಲೇ ಇದೆ, ನನ್ನ ಹಾಲಿಗೇ ಅಳುತ್ತಿದೆ ಎಂದಿದ್ದರೆ ಆ ವಕೀಲನ ಬಾಯಿ ಮುಚ್ಚುತ್ತಿತ್ತು. ಅವಳು ಗೌನನ್ನು ಮುಂದಕ್ಕೆ ಎಳೆದುಕೊಂಡು, ಮೈ ಸರಿಯಿಲ್ಲ, ವಾಯಿದೆ ಬೇಕು ಎಂದಳು. ಜಡ್ಜಿ ಕೇಸನ್ನು ಬೇಸಿಗೆ ರಜ ಕಳೆದ ಮೇಲಕ್ಕೆ ಹಾಕಿದರು.

ಹೊರಗೆ ಚಿಕ್ಕಬೋರಮ್ಮ ಹತ್ತಿರ ಬಂದಾಗ ಶಾಪ ಹಾಕುತ್ತಾಳೆ ಅಂದುಕೊಂಡೆ. ಅವಳು ಅತ್ತಿಗೆಯ ಸೆರಗನ್ನು ಎದೆಯ ಮೇಲೆ ಸರಿಮಾಡಿದಳು.

“ಮುಚ್ಕೊಳಿ ಕಣವ್ವ, ಎಲ್ಲಾ ನೋಡ್ತಾವ್ರೆ. ಓಗಿ, ಮಗ ಅಳ್ತದೆ.”

ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಅತ್ತಿಗೆ ಹಾಲೂಡಿಸಿದಳು. “ನಾಚಬಾರದ್ದಕ್ಕೆ ನಾಚಿ ಅವಳ ಕೂಸನ್ನು ಕಳೆದೆ ಕಣೇ” ಎಂದಳು. ಅದು ನಿಜ.

ಮನೆಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಚಿಕ್ಕಬೋರಮ್ಮ ಮತ್ತೆ ಕಂಡಳು, ಮಲ್ಲಿಗೆ ಕೊಳ್ಳುತ್ತಿದ್ದಳು. ಅತ್ತಿಗೆ ಮಾತಾಡಿಸಲು ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಚಿಕ್ಕಬೋರಮ್ಮ ಹೂವನ್ನು ಮುಡಿಯಲಿಲ್ಲ, ಮಡಿಲಿಗೆ ಹಾಕಿಕೊಂಡಳು. ಹಾಲು ಬತ್ತಿಸಿಕೊಳ್ಳಬೇಕಾದವರು ನಮ್ಮ ಕಡೆ ಎದೆಗೆ ಮಲ್ಲಿಗೆ ಕಟ್ಟಿಕೊಳ್ಳುತ್ತಾರೆ.

ಅವಳು ಬಸ್ಸು ಹತ್ತುವ ತನಕ ಅತ್ತಿಗೆ ಕೂಸನ್ನು ಅವುಚಿಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಳು.